ಬಿ ಖರಾಬಿನ ಕೋಟೆ, ಗ್ರಾಮಠಾಣದ ಮನೆ

ಗ್ರಾಮ ನಕಾಶೆಯಲ್ಲಿ ಕೋಟೆ ಹೇಗೆ ಕಾಣುತ್ತದೆ ಅಂದರೆ, ಇಡೀ ಬೆಟ್ಟಕ್ಕೆ ಒಂದು ಸರ್ವೆ ನಂಬರ್, ಒಳಗೆ ಒಂದಿಷ್ಟು ಬಂಡೆಯ ಗುರುತು, ದಾಖಲೆಯಲ್ಲಿ "ಬಿ ಖರಾಬು", ಅಂದರೆ ಉಳಲಾಗದ ಸಾರ್ವಜನಿಕ ನೆಲ. ಬುರುಜು, ಬಾಗಿಲು, ಆಳಿದವರು, ಅಲ್ಲೇ ಸತ್ತವರು ಎಲ್ಲಾ ಆ ಷರಾದೊಳಗೇ. ಕೊರಟಗೆರೆ, ಮಧುಗಿರಿ ಕಡೆ ಭೂಮಾಪಕನಾಗಿ ಸರಪಳಿ ಎಳೆಸಿದವನು ನಾನು. 33 ಅಡಿಯ ಸರಪಳಿ, ಅದರಲ್ಲಿ ಆಣೆ ಅನ್ನುವ 16 ಸಮಭಾಗ. ಸರಪಳಿ ಉದ್ದ ಸರಪಳಿ ಅಗಲ ಸೇರಿದರೆ ಒಂದು ಗುಂಟೆ, 1,089 ಚದರಡಿ. ದುರ್ಗದ ಬುಡದ ಹೊಲ ಅಳೆಯುವಾಗ ತಲೆ ಎತ್ತಿ ಮೇಲೆ ನೋಡುತ್ತಿದ್ದುದು ಚಕ್ಕುಬಂದಿ ಬರೆಯುವುದಕ್ಕೆ ಮಾತ್ರ. "ಪಡುವಲಿಗೆ ಬೆಟ್ಟ" ಅಂತ ಬರೆದರೆ ಆ ದಿಕ್ಕಿನ ಕೆಲಸ ಮುಗಿಯಿತು.

ನಿವೃತ್ತಿಯಾದ ಮೇಲೆ ಆ ಬೆಟ್ಟಗಳನ್ನು ಹತ್ತಲು ಶುರು ಮಾಡಿದೆ. ಮನೆಯಾಕೆ ಜೊತೆಗೆ ಬರಲು ಒಂದು ಷರತ್ತು ಹಾಕಿದಳು. "ಒಂದು ಕೋಟೆ ನೋಡಿದ್ರೆ ಒಂದು ಹಳೇ ಮನೇನೂ ನೋಡ್ಬೇಕು ಕಣ್ರೀ. ಬರೀ ಬಂಡೆ ನೋಡ್ಕೊಂಡು ಬರಕ್ಕೆ ನನ್ನ ಮಂಡಿ ಕೊಡಲ್ಲ." ಹಾಗಾಗಿ ಮೊದಲು ಸ್ಕೂಟರಿನಲ್ಲಿ, ಆಮೇಲೆ ಬಾಮೈದನ ಹಳೇ ಕಾರಿನಲ್ಲಿ, ಜಯಮಂಗಲಿ ಹೊಳೆಯ ಜಾಡು ಹಿಡಿದು ತಿರುಗುತ್ತಿದ್ದೇವೆ.

ಹೊಳೆ ಅಂದೆ. ಹೊರಗಿನವರು ಬಂದರೆ ವರ್ಷದ ಬಹುಪಾಲು "ಎಲ್ಲಿದೆ ಹೊಳೆ?" ಅಂತಲೇ ಕೇಳುತ್ತಾರೆ. ತುಮಕೂರಿನಿಂದ ಸುಮಾರು 15 ಕಿಲೋಮೀಟರ್ ದೂರದ ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಸೀಮೆ ದಾಟಿ, ಆಂಧ್ರದೊಳಗೆ ಹೋಗಿ ಉತ್ತರ ಪಿನಾಕಿನಿಗೆ ಸೇರುವ ನೀರು ಇದು. ಅದೇ ಬೆಟ್ಟಸಾಲಿನ ತೆಂಕಣ ಮಗ್ಗುಲಲ್ಲಿ ಶಿಂಷಾ ಹುಟ್ಟಿ ಕಾವೇರಿಗೆ ಹೋಗುತ್ತಾಳೆ. ಒಂದೇ ಬೆಟ್ಟದ ಮೇಲೆ ಬಿದ್ದ ಮಳೆ ಒಂದು ಪಾಲು ನೆಲ್ಲೂರಿನ ಕಡೆ, ಒಂದು ಪಾಲು ಪೂಂಪುಹಾರಿನ ಕಡೆ ಸಮುದ್ರ ಸೇರುತ್ತದೆ. ದೇವರಾಯನದುರ್ಗಕ್ಕೆ ಹೋದವರು ಭೋಗ ನರಸಿಂಹ, ಯೋಗ ನರಸಿಂಹ ನೋಡಿ, ನಾಮದ ಚಿಲುಮೆಯಲ್ಲಿ ಕೈ ಒದ್ದೆ ಮಾಡಿಕೊಂಡು ಇಳಿಯುತ್ತಾರೆ. ಮೈಸೂರಿನ ಚಿಕ್ಕದೇವರಾಜ ಒಡೆಯರು ಈ ದುರ್ಗ ಗೆದ್ದುಕೊಂಡ ಮೇಲೆ ಬಂದ ಹೆಸರು ಇದು. ಅಲ್ಲಿ ವಾರಾಂತ್ಯದ ಗದ್ದಲ ನನಗೆ ಆಗಿಬರುವುದಿಲ್ಲ, ಮುಂದೆ ಹೋಗುತ್ತೇನೆ.

ಚನ್ನರಾಯನದುರ್ಗಕ್ಕೆ ನಮ್ಮ ಕಡೆಯವರು ಸಿ.ಎನ್. ದುರ್ಗ ಅಂತಾರೆ, ಬಸ್ಸಿನ ಬೋರ್ಡೂ ಹಾಗೇ. ಮಧುಗಿರಿ ಪಾಳೇಗಾರರ ಕೈಯಲ್ಲಿದ್ದ ಕೋಟೆ, ಆಮೇಲೆ ಮೈಸೂರು, ಮರಾಠರು, ಮತ್ತೆ ಮೈಸೂರು ಅಂತ ಕೈ ಬದಲಾಯಿಸುತ್ತಾ ಬಂತು. ಹತ್ತುವ ದಾರಿ ಪೊದೆ ಬೆಳೆದು ಅರ್ಧ ಮುಚ್ಚಿದೆ. ಕರಡಿ ಇರುವ ಕಾಡು, ಮುಂಜಾನೆ ಕತ್ತಲಲ್ಲಿ ಹತ್ತುವ ಹುಚ್ಚು ಯಾರೂ ಮಾಡಬೇಡಿ. ಅಲ್ಲಿ ಮೇಕೆ ಮೇಯಿಸುವ ಅಜ್ಜ ಒಬ್ಬರು ಸಿಕ್ಕರು. ನಾನು ದೊಣೆ ಎಲ್ಲಿದೆ ಅಂತ ಕೇಳಿದ್ದಕ್ಕೆ ಅವರಿಗೆ ಆಶ್ಚರ್ಯ.

"ಬಂದೋರೆಲ್ಲಾ ತುದಿ ಎಷ್ಟು ದೂರ ಅಂತಾರೆ. ನೀವೇನ್ ಸಾ, ನೀರು ಕೇಳ್ತೀರಿ?"

ಕೋಟೆ ನೋಡುವ ಕ್ರಮವೇ ಅದು ಅಂತ ನನಗೆ ಅನ್ನಿಸಿದೆ. ತುದಿಯಲ್ಲಿ ಗಾಳಿ, ಫೋಟೋ ಬಿಟ್ಟರೆ ಏನಿದೆ? ಗೋಡೆ ಯಾಕೆ ಆ ಜಾಗದಲ್ಲಿ ತಿರುಗಿತು, ಬಾಗಿಲು ಯಾಕೆ ಅಲ್ಲೇ ಇಟ್ಟರು ಅನ್ನುವುದಕ್ಕೆಲ್ಲಾ ಉತ್ತರ ದೊಣೆಯ ಹತ್ತಿರ ಸಿಗುತ್ತದೆ. ಬಂಡೆಯ ಮೇಲೆ ಬಿದ್ದ ಮಳೆ ಯಾವ ತಗ್ಗಿಗೆ ಇಳಿಯುತ್ತದೆ ಅಂತ ನೋಡಿಕೊಂಡು, ಆ ತಗ್ಗಿಗೆ ಒಂದು ಬದಿ ಕಲ್ಲಿನ ಕಟ್ಟೆ ಕಟ್ಟಿ, ಕೆಳಗೆ ಇನ್ನೊಂದು ತಗ್ಗಿಗೆ ಕೋಡಿ ಬಿಟ್ಟಿರುತ್ತಾರೆ. ಮೊದಲು ನೀರು ಕಟ್ಟಿದರು, ಆಮೇಲೆ ಅದರ ಸುತ್ತ ಗೋಡೆ ಎಬ್ಬಿಸಿದರು. ಮುತ್ತಿಗೆ ಹಾಕಿದವನು ಬುಡದಲ್ಲಿ ತಿಂಗಳುಗಟ್ಟಲೆ ಕೂತರೂ ಮೇಲಿನವರು ಕುಡಿಯಲು ನೀರಿದ್ದರೆ ಕೂತಿರಬಹುದು. ದೊಣೆ ಬತ್ತಿದರೆ ಫಿರಂಗಿ ಬೇಕಾಗಿಲ್ಲ, ಅವರೇ ಇಳಿದು ಬರುತ್ತಾರೆ. ಗುಡಿಬಂಡೆಗೆ ಹೋದವರು ಇದನ್ನು ಇನ್ನೂ ಚೆನ್ನಾಗಿ ನೋಡಬಹುದು, ಅಲ್ಲಿ ಒಂದರ ಕೆಳಗೊಂದು ಬಂಡೆಹೊಂಡಗಳು.

ಕೆಳಗೆ ಹೊಳೆಯಲ್ಲಿ ಇದೇ ಬುದ್ಧಿ ಬೇರೆ ರೂಪದಲ್ಲಿತ್ತು. ತಲಪರಿಗೆ ಅಂತೀವಿ. ಮರಳಿನ ಅಡಿಯ ಒರತೆಯನ್ನು ಅಗೆದು ತೆರೆದು, ಅಲ್ಲಿಂದ ಕಾಲುವೆ ತೆಗೆದು ಗದ್ದೆಗೆ ಹರಿಸುವುದು. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಹಳೇ ಗದ್ದೆಗಳು ಇದರ ಮೇಲೇ ನಿಂತಿದ್ದವು. ಸರ್ವೆಯ ಹಳೇ ಟಿಪ್ಪಣಿ ಪುಸ್ತಕಗಳಲ್ಲಿ ತಲಪರಿಗೆ ಕಾಲುವೆಗೆ ಬೇರೆ ಗೆರೆ ಎಳೆದಿರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಜಾಗಕ್ಕೆ ಹೋದರೆ ಕಾಲುವೆ ಇಲ್ಲ, ಒರತೆ ಇಲ್ಲ, ಮರಳೂ ಇಲ್ಲ. ಮರಳು ಲಾರಿಯಲ್ಲಿ ಬೆಂಗಳೂರಿನ ಮನೆಗಳಿಗೆ ಹೋಯಿತು. 2022ರ ಮಳೆಗಾಲದಲ್ಲಿ ಜಯಮಂಗಲಿ ದಡ ಮೀರಿ ಹರಿದಾಗ ಊರೂರಿನವರು ಸೇತುವೆ ಮೇಲೆ ನಿಂತು ನೋಡಿದರು. ಮಕ್ಕಳಲ್ಲಿ ಎಷ್ಟೋ ಜನಕ್ಕೆ ತಮ್ಮೂರಿನ ಹೊಳೆಯಲ್ಲಿ ನೀರು ನೋಡಿದ್ದು ಅದೇ ಮೊದಲು.

ಇನ್ನು ಮನೆ.

ನನ್ನಾಕೆಯ ತವರು ಹೊಳವನಹಳ್ಳಿ ಆಸುಪಾಸಿನ ಒಂದು ಹಳ್ಳಿ. ಊರಿನ ಹೆಸರು ಬೇಡ, ಭಾಗದ ವ್ಯಾಜ್ಯ ಇನ್ನೂ ನಡೆಯುತ್ತಿದೆ. ಹೊಳವನಹಳ್ಳಿ ಆವತಿ ಕಡೆಯ ಬೈರೇಗೌಡರ ಮನೆತನ ಆಳಿದ ಪಾಳೆಯಪಟ್ಟು. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದವರೂ ಅದೇ ಬಳ್ಳಿ. ಪಾಳೇಗಾರರು ಹೋದರೂ ಅವರ ಕೆಳಗೆ ಕಂದಾಯ ಎತ್ತುತ್ತಿದ್ದ ಮನೆಗಳು ಉಳಿದವು, ಪಟೇಲರ ಮನೆ, ಶಾನುಭೋಗರ ಮನೆ ಅಂತ. ಇವಳದು ಪಟೇಲರ ಮನೆ. ಊರವರು ಈಗಲೂ ದೊಡ್ಡಮನೆ ಅಂತಾರೆ.

ಬೀದಿಗೆ ಎತ್ತರದ ಜಗಲಿ, ಒಬ್ಬ ಆಳು ತಗ್ಗಿ ದಾಟಬೇಕಾದ ತಲೆಬಾಗಿಲು, ಒಳಗೆ ತೊಟ್ಟಿ. ತೊಟ್ಟಿ ಎಂದರೆ ನೆಲಮಟ್ಟಕ್ಕಿಂತ ತಗ್ಗಾದ ಕಲ್ಲುಹಾಸಿನ ಅಂಗಳ, ಮೇಲೆ ಆಕಾಶ. ನಾಲ್ಕೂ ಕಡೆ ಪಡಸಾಲೆ, ಹಲಸಿನ ಮರದ ಕಂಬ, ಎರಡಡಿಗೂ ಮೀರಿದ ಮಣ್ಣಿನ ಗೋಡೆ. ಮೇಲೆ ತೊಲೆ, ಜಂತೆ, ಅದರ ಮೇಲೆ ಚೌಳು ಮಣ್ಣು ಹಾಸಿದ ಮಾಳಿಗೆ. ತೊಟ್ಟಿಗೆ ಬಿದ್ದ ಮಳೆ ಮೂಡಲ ಮೂಲೆಯ ಕಲ್ಲಿನ ತೂಬಿನಿಂದ ಹಿತ್ತಲಿನ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಪಡಸಾಲೆಯ ಒಂದು ಬದಿ, ಚಪ್ಪಡಿಯ ಕೆಳಗೆ, ಹಗೇವು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಕೊಡದ ಹಾಗೆ ಅಗಲ. ಖಂಡುಗಗಟ್ಟಲೆ ರಾಗಿ ಸುರಿದು ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಾನುಗಟ್ಟಲೆ ಹುಳ ಬೀಳುತ್ತಿರಲಿಲ್ಲ. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಒಳಗಿನ ಕೆಟ್ಟ ಗಾಳಿ ಉಸಿರು ಕಟ್ಟಿಸುತ್ತದೆ. ದೀಪ ಇಳಿಬಿಟ್ಟು, ಆರದೆ ಇದ್ದರೆ ಮಾತ್ರ ಆಳು ಇಳಿಯಬೇಕು. ಇವಳಿಗೆ ಚಿಕ್ಕಂದಿನಲ್ಲಿ ದೀಪ ಹಿಡಿಯುವ ಕೆಲಸ.

ನಾಲ್ಕು ಜನ ಅಣ್ಣತಮ್ಮಂದಿರು ಭಾಗವಾದಾಗ ತೊಟ್ಟಿಗೆ ಅಡ್ಡ ಒಂದು, ಉದ್ದ ಒಂದು ಗೋಡೆ ಎದ್ದವು. ಇಟ್ಟಿಗೆ ಗೋಡೆ, ಸಿಮೆಂಟ್ ಕೂಡ ಬಳಿದಿಲ್ಲ. ತೂಬು ಒಬ್ಬರ ಪಾಲಿಗೆ ಬಂತು, ಮಳೆ ನಾಲ್ಕೂ ಜನಕ್ಕೆ ಬಂತು. ಮೊದಲ ಮುಂಗಾರಿಗೇ ಜಗಳ. ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ಚೂರು ಆಕಾಶಕ್ಕೆ ಶೀಟು ಹೊದಿಸಿಕೊಂಡರು. ಹಗೇವಿನ ಬಾಯಿ ಸರಿಯಾಗಿ ಗೋಡೆಯ ಕೆಳಗೆ ಸಿಕ್ಕಿಕೊಂಡಿದೆ. ಹಿರಿಯಣ್ಣ ತನ್ನ ಪಾಲನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿದರು, ಕಂಬಗಳು ಬೆಂಗಳೂರಿನ ಹಳೇ ಮರದ ವ್ಯಾಪಾರಿಗೆ ಹೋದವು. ಅವು ಈಗ ಯಾವುದೋ ರೆಸಾರ್ಟಿನಲ್ಲಿ ನಿಂತಿರಬೇಕು, ಅಂಥ ಕಡೆ ಊಟಕ್ಕೆ ಹೋದರೆ ಇವಳು ಮೊದಲು ಕಂಬ ಮುಟ್ಟಿ ನೋಡುತ್ತಾಳೆ. ಇವಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದಾಳೆ. ಅರಿಸಿನ ಕುಂಕುಮಕ್ಕೆ ಒಂದು ಸೀರೆ ಕೊಟ್ಟರು.

ಇಂಥ ಮನೆ ಹಾಳಾದರೆ ಜನ "ಅಯ್ಯೋ, ಹಳೇ ವೈಭವ" ಅಂತ ಲೊಚಗುಟ್ಟುತ್ತಾರೆ. ನನಗೆ ಅಷ್ಟು ಸಲೀಸಾಗಿ ಅನ್ನಲು ಬರುವುದಿಲ್ಲ. ನಮ್ಮಪ್ಪ ಗೇಣಿದಾರ. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಗೇಣಿ ಜಮೀನು ತಮ್ಮ ಹೆಸರಿಗೆ ಕೇಳುವ ಫಾರಂ ನಂಬರ್ 7 ಹಾಕಿಕೊಂಡು, ಭೂ ನ್ಯಾಯಮಂಡಳಿ ಮುಂದೆ ಕೈ ಕಟ್ಟಿ ನಿಂತು ಜಮೀನು ಉಳಿಸಿಕೊಂಡವರು. ನಮ್ಮೂರ ದೊಡ್ಡಮನೆಯ ಜಗಲಿ ಮೇಲೆ ಅವರು ಕೂತವರಲ್ಲ, ಕೆಳಗೆ ನಿಂತವರು. ನನಗೆ ಸರ್ಕಾರಿ ನೌಕರಿ ಸಿಕ್ಕಿತು ಅಂತ ಪಟೇಲರ ಮನೆಯಿಂದ ಹೆಣ್ಣು ಬಂತು, ಇಲ್ಲದಿದ್ದರೆ ಎಲ್ಲಿಯ ಮಾತು? ಆ ಮನೆಗಳ ಮಾಳಿಗೆ ಪ್ರತಿ ಬೇಸಿಗೆಗೂ ಮಣ್ಣು ಕೇಳುತ್ತಿತ್ತು. ಮಣ್ಣು ಹೊರುತ್ತಿದ್ದವರು ಗೇಣಿ ಹೊಲದ ಆಳುಗಳು. 1961ರ ಕಾಯಿದೆ ಬಂದು ಪಟೇಲಿಕೆ, ಶಾನುಭೋಗಿಕೆಯ ವಂಶಪಾರಂಪರ್ಯ ಹಕ್ಕು ಹೋಯಿತು, ಮುಂದೆ ಗೇಣಿಯೂ ಹೋಯಿತು. ಹೊರುವ ಆಳು ಹೋದ ಮೇಲೆ ಮಾಳಿಗೆ ಸೋರಿತು. ಸೋರಿದ್ದಕ್ಕೆ ನನಗೆ ದುಃಖವಿಲ್ಲ. ಆದರೆ ಆ ಮನೆ ಕಟ್ಟಿದ ಬಡಗಿ, ಒಡ್ಡರು, ಕಲ್ಲುಕುಟಿಗರ ಕೈಕೆಲಸಕ್ಕೂ ಅದೇ ಗತಿ ಆಯಿತಲ್ಲ, ಅದು ಹೊಟ್ಟೆಯೊಳಗೆ ಕೊರೆಯುತ್ತದೆ.

ಬಿ ಖರಾಬಿನ ಲೆಕ್ಕ ಬೇರೆ. ಖರಾಬಿನಲ್ಲಿ ಎರಡು ಬಗೆ: ಎ ಖರಾಬು ಉಳಲಾಗದ ನೆಲವಾದರೂ ಹಿಡುವಳಿದಾರನದೇ, ಬಿ ಖರಾಬು ದಾರಿ, ಹಳ್ಳ, ಸ್ಮಶಾನದ ಹಾಗೆ ಸಾರ್ವಜನಿಕರದು. ಕೋಟೆಗೆ ವಾರಸುದಾರರಿಲ್ಲ, ಭಾಗ ಕೇಳುವವರಿಲ್ಲ, ಅಡ್ಡಗೋಡೆ ಹಾಕುವವರಿಲ್ಲ. ಯಾರದೂ ಅಲ್ಲದ್ದಕ್ಕೆ ಉಳಿಯಿತು. ಮನೆ ಎಲ್ಲರದೂ ಆಗಿದ್ದಕ್ಕೆ ಉಳಿಯಲಿಲ್ಲ.

ಮಧುಗಿರಿಗಂತೂ ಇನ್ನೂ ದೊಡ್ಡ ಕಾವಲು. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಅದು. 2010ರ ತಿದ್ದುಪಡಿಯಂತೆ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಬೇಕಾದರೆ ಅನುಮತಿ. ಬೆಟ್ಟದ ಬುಡದಲ್ಲೇ ಊರು ಇರುವುದರಿಂದ ಈ ಮೀಟರಿನ ಜಗಳಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ಒಂದು ಸಂರಕ್ಷಿತ ಸ್ಮಾರಕಕ್ಕೆ ಇಷ್ಟು ಅಳತೆ, ಕೂಗಳತೆಯ ತೊಟ್ಟಿಮನೆಗೆ ಒಂದಡಿಯೂ ಇಲ್ಲ.

ಮಧುಗಿರಿ ಏಕಶಿಲಾ ಬೆಟ್ಟ, ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್. ಹಿರೇಗೌಡ ಎಂಬ ಪಾಳೇಗಾರ ಮೊದಲು ಕಟ್ಟಿಸಿದ್ದು ಮಣ್ಣಿನ ಕೋಟೆ. 1678ರಲ್ಲಿ ಮೈಸೂರಿನ ವಶವಾಯಿತು, ಕಲ್ಲಿನ ಕೋಟೆ ಬಲವಾದದ್ದು ಹೈದರ್ ಅಲಿಯ ಕಾಲದಲ್ಲಿ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಅಂತ ಒಂದೊಂದಕ್ಕೂ ಹೆಸರು. ಒಂದೊಂದು ಬಾಗಿಲೂ ನೇರ ಎದುರಾಗುವುದಿಲ್ಲ, ತಿರುವಿನಲ್ಲಿ ಇಟ್ಟಿದ್ದಾರೆ, ಆನೆಗೆ ಓಡಿ ಬಂದು ಗುದ್ದಲು ಜಾಗ ಸಿಗಬಾರದು ಅಂತ. ಮೊದಲರ್ಧ ಮೆಟ್ಟಿಲು ಸಲೀಸು. ಆಮೇಲೆ ಬಂಡೆಯಲ್ಲೇ ಕೊರೆದ ಹೆಜ್ಜೆಗುಳಿ, ಪಕ್ಕದಲ್ಲಿ ಕಂಬಿ. ಮಳೆಯಲ್ಲಿ ಹತ್ತಲೇಬೇಡಿ, ಚಪ್ಪಲಿಯಲ್ಲಿ ಹತ್ತಲೇಬೇಡಿ, ಪರಿಮಳದ ಎಣ್ಣೆ ಸೆಂಟು ಹಾಕಿಕೊಂಡು ಜೇನು ಎಬ್ಬಿಸಬೇಡಿ.

ಇವಳು ಅರ್ಧಕ್ಕೇ ನಿಂತಳು. ಮಂಡಿ ಒಂದು ನೆಪ, ಅವಳ ಕಣ್ಣು ಕಣಜದ ಮೇಲಿತ್ತು. ದಪ್ಪ ಗೋಡೆಯ, ಕಿಟಕಿಯಿಲ್ಲದ, ಗಾರೆ ಬಳಿದ ಕಟ್ಟಡಗಳು. ಒಳಗೆ ಹೋಗಿ ಗೋಡೆಗೆ ಕೈಯಿಟ್ಟು, "ನಮ್ಮನೆ ಹಗೇವಿನ ದೊಡ್ಡಣ್ಣ ಇದು" ಅಂದಳು. ಆಮೇಲೆ ತುಂಬ ಹೊತ್ತು ಹೊರಗೆ ಬರಲಿಲ್ಲ.

ವೀರಮ್ಮಾಜಿಯ ಕಥೆ ನಾನು ಹೇಳಿದ್ದು ಅಲ್ಲಿಯೇ. ಕೆಳದಿಯ ರಾಣಿ. 1763ರಲ್ಲಿ ಹೈದರ್ ಅಲಿ ಬಿದನೂರು ಗೆದ್ದ ಮೇಲೆ ಅವರನ್ನೂ ದತ್ತುಮಗನನ್ನೂ ತಂದು ಸೆರೆಯಿಟ್ಟದ್ದು ಈ ಬೆಟ್ಟದ ಮೇಲೆ. ಮಲೆನಾಡಿನ ಮಳೆಯಲ್ಲಿ ಆಳಿದ ಹೆಂಗಸು, ನಮ್ಮ ಈ ಕಾದ ಬಂಡೆಯ ಮೇಲೆ ನಾಲ್ಕು ಬೇಸಿಗೆ ಕಳೆದರು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಮಧುಗಿರಿ ಹಿಡಿದು ಅವರನ್ನು ಬಿಡಿಸಿತು. ಪುಣೆಗೆ ಕರೆದೊಯ್ಯುವಾಗ ದಾರಿಯಲ್ಲೇ ತೀರಿಕೊಂಡರು.

"ಎಲ್ಲಿ ಮಲಗ್ತಿದ್ರು?" ಅಂತ ಇವಳ ಮೊದಲ ಪ್ರಶ್ನೆ. ಇತಿಹಾಸ ಓದಿದ ಯಾರೂ ನನ್ನನ್ನು ಇದುವರೆಗೆ ಇದು ಕೇಳಿರಲಿಲ್ಲ. ಅವಳೇ ಸುತ್ತ ನೋಡಿ, ನೀರಿನ ಹೊಂಡದ ಪಕ್ಕ, ಗೋಡೆಯ ನೆರಳು ಬೀಳುವ ಒಂದು ಹಾಸುಬಂಡೆ ತೋರಿಸಿದಳು. "ನಾನಾಗಿದ್ರೆ ಇಲ್ಲಿ. ರಾತ್ರಿ ಬಂಡೆ ಕಾವು ಬಿಡತ್ತೆ, ನೀರಿನ ಕಡೆ ಮುಖ ಮಾಡಿದ್ರೆ ಒಂಚೂರು ತಂಪು." ಕೋಟೆಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಬಹಳ ತೂಕದ್ದು ಅಂತ ಬರೆದಿಟ್ಟುಕೊಂಡಿದ್ದೇನೆ.

ಇಳಿದ ಮೇಲೆ ಊರೊಳಗಿನ ಅರಸನ ಬಾವಿ ನೋಡಿ. ಮೆಟ್ಟಿಲಿಳಿಯುವ ಕಲ್ಯಾಣಿಯಂಥ ಬಾವಿ, ಬೆಟ್ಟ ಹತ್ತಿದವರಲ್ಲಿ ಅರ್ಧ ಜನ ಅದನ್ನು ನೋಡದೇ ಬಸ್ಸು ಹತ್ತುತ್ತಾರೆ. ಇನ್ನೂ ಹೊತ್ತಿದ್ದರೆ ಮೈದನಹಳ್ಳಿ ಕಡೆ ಹೋದರೆ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ಮೊಮ್ಮಕ್ಕಳಿದ್ದರೆ ಕೋಟೆಗಿಂತ ಅದೇ ಇಷ್ಟವಾಗುತ್ತದೆ.

ಈಗ ನನ್ನ ಮುಖ್ಯ ಮಾತು. ನಾವು ಭೂಮಾಪಕರು ಹೊಲ, ಗದ್ದೆ, ಗೋಮಾಳ, ಬೆಟ್ಟ ಎಲ್ಲಾ ಅಳೆದೆವು. ಗ್ರಾಮಠಾಣದ, ಅಂದರೆ ಊರಿನ ಮನೆಗಳಿರುವ ಜಾಗದ, ಒಳಗೆ ಮಾತ್ರ ಸರಪಳಿ ಹೋಗುತ್ತಿರಲಿಲ್ಲ. ನಕಾಶೆಯಲ್ಲಿ ಊರು ಎಂದರೆ ಒಂದು ಖಾಲಿ ಸುತ್ತು, ಒಳಗೆ ಮನೆಗಳ ವಿವರವಿಲ್ಲ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಹಳ್ಳಿಯ ಮನೆಗಳನ್ನೂ ಅಳೆಯುತ್ತಿದ್ದಾರೆ, ಒಳ್ಳೆಯ ಕೆಲಸ. ಆದರೆ ಡ್ರೋನಿಗೆ ಕಾಣುವುದು ಮಾಡು. ಶೀಟು ಹೊದೆಸಿದ ತೊಟ್ಟಿ ಅದರ ಕಣ್ಣಿಗೆ ಶೀಟೇ. ಹಗೇವು, ತೂಬು, ಬಾಣಂತಿ ಕೋಣೆ ಯಾವ ನಕ್ಷೆಗೂ ಬರುವುದಿಲ್ಲ.

ಹಾಗಾಗಿ ನಿಮ್ಮ ಅಜ್ಜಿಮನೆ ಇನ್ನೂ ನಿಂತಿದ್ದರೆ, ಮುಂದಿನ ಹಬ್ಬಕ್ಕೆ ಹೋದಾಗ ಒಂದು ಟೇಪು, ಒಂದು ಗ್ರಾಫ್ ಹಾಳೆ ತೆಗೆದುಕೊಂಡು ಹೋಗಿ. ಒಂದು ಚೌಕಕ್ಕೆ ಒಂದಡಿ ಹಿಡಿಯಿರಿ. ತೊಟ್ಟಿಯಿಂದ ಶುರು ಮಾಡಿ, ನಾಲ್ಕು ಬದಿಯ ಜೊತೆಗೆ ಎರಡೂ ಅಡ್ಡಮೂಲೆ ಅಳೆಯಿರಿ. ಹಳೇ ತೊಟ್ಟಿ ಕಣ್ಣಿಗೆ ಚೌಕವಾಗಿ ಕಂಡರೂ ಮೂಲೆಗಳು ಹೆಚ್ಚುಕಡಿಮೆ ಇರುತ್ತವೆ, ಅಡ್ಡಮೂಲೆ ಇಲ್ಲದಿದ್ದರೆ ಮನೆಗೆ ಬಂದು ಗೆರೆ ಎಳೆಯುವಾಗ ಕೂಡುವುದಿಲ್ಲ. ಗೋಡೆಯ ದಪ್ಪ ಬಾಗಿಲ ಹತ್ತಿರ ಸಿಗುತ್ತದೆ. ಹಗೇವಿನ ಬಾಯಿಗೆ ಎರಡು ಕಂಬದಿಂದ ಎರಡು ದೂರ ಬರೆದುಕೊಂಡರೆ ಸಾಕು, ನೆಲಕ್ಕೆ ಟೈಲ್ಸ್ ಹಾಕಿದ ಮೇಲೂ ಜಾಗ ಹುಡುಕಬಹುದು. ತೊಲೆ ಕಂಬಕ್ಕೆ ಕೂರುವ ಬೋದಿಗೆಯ ಫೋಟೋ ಕೆಳಗಿನಿಂದ ತೆಗೆಯಿರಿ. ಕೋಣೆಗಳ ಹೆಸರನ್ನು ಮಾತ್ರ ಗಂಡಸರನ್ನು ಕೇಳಬೇಡಿ, ಅವರಿಗೆ ನಡುಮನೆ, ಪಡಸಾಲೆ ಬಿಟ್ಟರೆ ಬೇರೆ ಗೊತ್ತಿರುವುದಿಲ್ಲ. ಮನೆಯ ಹಿರಿಯ ಹೆಂಗಸು ಯಾರೋ ಅವರನ್ನು ಕೇಳಿ.

ಇವಳ ತವರಿನ ನಕ್ಷೆ ನಾನು ಶುರು ಮಾಡಿದ್ದೇನೆ. ಕಿರಿಯ ಬಾಮೈದ ತನ್ನ ಪಾಲಿನೊಳಗೆ ಟೇಪಿನ ಇನ್ನೊಂದು ತುದಿ ಹಿಡಿದ. "ಭಾವ, ಅಡ್ಡಗೋಡೆ ತೋರಿಸ್ಬೇಡಿ, ಮೊದಲಿದ್ದ ಹಾಗೆ ಬರೀರಿ" ಅಂದ. ನಾನು ಎರಡೂ ಬರೆದೆ, ಮೊದಲಿದ್ದದ್ದು ಕಪ್ಪು ಗೆರೆ, ಅಡ್ಡಗೋಡೆ ಕೆಂಪು. ಎರಡನೆಯವರ ಪಾಲು ಮುಗಿದಿದೆ. ಹಿರಿಯಣ್ಣನ ಕೆಡವಿದ ಪಾಲನ್ನು ಇವಳು ಹೆಜ್ಜೆ ಹಾಕಿ ತೋರಿಸಿದಳು, ದೇವರ ಮನೆಯಿಂದ ಒರಳಿಗೆ ಎಷ್ಟು ಹೆಜ್ಜೆ ಅಂತ ಕಾಲಿಗೆ ನೆನಪಿದೆ. ಮೂರನೆಯವರು ಮಾತ್ರ ಒಳಗೆ ಬಿಡುತ್ತಿಲ್ಲ. ನಕ್ಷೆ ಕೋರ್ಟಿಗೆ ಹೋಗುತ್ತದೆ ಅಂತ ಅವರಿಗೆ ಅನುಮಾನ, ಅದರಲ್ಲಿ ತೂಬು ಇರುವುದು ಅವರ ಪಾಲಿನಲ್ಲೇ. ಸಂಕ್ರಾಂತಿಗೆ ಎಳ್ಳು ಬೀರಲು ಹೋದಾಗ ತಾನೇ ಕೇಳುತ್ತೇನೆ, ನೀವು ಟೇಪು ಹಿಡಿದುಕೊಂಡು ಹಿಂದೆ ಬರಬೇಡಿ ಅಂತ ಇವಳ ಆಜ್ಞೆ.